ಪಿನೋಕಿಯೋ ಊರು ಬರೆದವನೇ ಪೋಕಿ ನಾಯಿಮರಿನೂ ಬರೆದ: ಗುಸ್ತಾಫ್ ಟೆಂಗ್ರೆನ್ ಬಗ್ಗೆ ಕೇಳಿದ್ರಲ್ಲ

ಪ್ರಶ್ನೆ: ಮಗಳಿಗೆ ಅಂತ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ದಿ ಪೋಕಿ ಲಿಟಲ್ ಪಪ್ಪಿ ತಗೊಂಡೆ. ಚಿತ್ರ ಬರೆದವರ ಹೆಸರು ಗುಸ್ತಾಫ್ ಟೆಂಗ್ರೆನ್ ಅಂತಿದೆ. ನೆಟ್‌ನಲ್ಲಿ ಹೆಸರು ಹಾಕಿ ಹುಡುಕಿದ್ರೆ ಕತ್ತಲೆ ಕಾಡು, ರಾಕ್ಷಸರು, ರಾಜಕುಮಾರಿ, ಒಂದಕ್ಕೊಂದು ಸಂಬಂಧನೇ ಇಲ್ಲದ ಚಿತ್ರಗಳು ಬರ್ತಿವೆ. ಇದು ಒಬ್ಬರೇನಾ ಇಬ್ಬರಾ? ಸ್ವೀಡನ್‌ನವರು ಅಂತಾರೆ, ಮತ್ತೆ ಅಮೆರಿಕದ ಪುಸ್ತಕ ಹೇಗೆ? ಸ್ಟೈಲ್ ಇಷ್ಟೊಂದು ಯಾಕೆ ಬದಲಾಯ್ತು? ಈ ಹಳೇ ಪುಸ್ತಕಕ್ಕೆ ಏನಾದ್ರೂ ಬೆಲೆ ಇದ್ಯಾ?

ಉತ್ತರ: ಒಬ್ಬನೇ ಮೇಡಂ. ಅನುಮಾನ ಬಂದಿದ್ದು ಸಹಜ, ಚಿತ್ರಕಲೆ ಓದಿದವರಿಗೂ ಬರತ್ತೆ, ಯಾಕಂದ್ರೆ 1923ರ ಟೆಂಗ್ರೆನ್ ಚಿತ್ರನೂ 1942ರ ಟೆಂಗ್ರೆನ್ ಚಿತ್ರನೂ 1962ರ ಟೆಂಗ್ರೆನ್ ಚಿತ್ರನೂ ಒಟ್ಟಿಗೆ ಮುಂದೆ ಇಟ್ರೆ ಮೂರು ಜನ ಬೇರೆ ಬೇರೆ ಬರೆದ ಹಾಗೇ ಕಾಣತ್ತೆ. ತುಂಬಾ ಜನ ಇದನ್ನ "ಮೊದ್ಲು ದೊಡ್ಡ ಕಲಾವಿದ ಆಗಿದ್ದ, ಆಮೇಲೆ ದುಡ್ಡಿಗೋಸ್ಕರ ನಾಯಿಮರಿ ಬರೆಯೋಕೆ ಇಳಿದ" ಅಂತ ಹೇಳಿ ಮುಗಿಸಿಬಿಡ್ತಾರೆ. ನಂಗೆ ಆ ಮಾತು ಒಪ್ಪಿಗೆ ಇಲ್ಲ. ನನ್ನ ಪ್ರಕಾರ ಅವನ ಸ್ಟೈಲ್ ಬದಲಾಗಿದ್ದು ಕಾಗದ, ಪ್ರಿಂಟಿಂಗು, ಪುಸ್ತಕ ಕೊಳ್ಳೋ ಜನ, ಈ ಮೂರೂ ಬದಲಾದ ಹಾಗೆ. ಪರದೇಶಕ್ಕೆ ಹೋಗಿ ಕುಂಚ ಹಿಡಿದೇ ಹೊಟ್ಟೆ ಹೊರೀಬೇಕಾದವನಿಗೆ ಬೇರೆ ದಾರಿನೂ ಕಮ್ಮಿ.

ಮೊದ್ಲಿಂದ ಹೇಳ್ತೀನಿ. ಹುಟ್ಟಿದ್ದು 1896ರ ನವೆಂಬರ್‌ನಲ್ಲಿ, ಪಶ್ಚಿಮ ಸ್ವೀಡನ್‌ನ ಮಾಗ್ರಾ ಅನ್ನೋ ಹಳ್ಳಿ ಕಡೆ. ಅಪ್ಪ ಬಣ್ಣದ ಕೆಲಸದವನು. ಕುಟುಂಬ ಗೋಥೆನ್‌ಬರ್ಗ್‌ಗೆ ಬಂತು, ಅಪ್ಪ ಅಮೆರಿಕಕ್ಕೆ ಹೊರಟ, ಮನೆ ನಡೆಸೋದು ಕಷ್ಟ ಆಯ್ತು. ಆದ್ರೆ ಬೇಸಿಗೆ ರಜೆಯಲ್ಲಿ ಹುಡುಗ ಹಳ್ಳಿಗೆ ಹೋಗಿ ತಾತನ ಜೊತೆ ಇರ್ತಿದ್ದ, ಆ ತಾತ ಮರದ ಕೆತ್ತನೆ ಮಾಡೋರು, ಪೆಟ್ಟಿಗೆ, ಪೀಠೋಪಕರಣಗಳ ಮೇಲೆ ಹಳೇ ಕಾಲದ ಬಳ್ಳಿ-ಹೂವಿನ ಚಿತ್ತಾರ ಬರೆಯೋರು, ಅವರು ಬಣ್ಣ ಅರೆಯೋದು, ಕೆತ್ತೋದು ನೋಡ್ತಾ ಕೂತ್ಕೊಳ್ಳೋದೇ ಇವನಿಗೆ ಖುಷಿ. ಇದನ್ನ ಸುಮ್ನೆ ಹೇಳ್ತಿಲ್ಲ, ಮುಂದೆ ಇವನು ಎಲ್ಲಿ ಮರದ ಮನೆ, ಮರದ ತೊಲೆ, ಕೆತ್ತಿದ ಕುರ್ಚಿ ಬರೆದ್ರೂ ಅದು ಬೇರೆಯವರು ಬರೆಯೋದಕ್ಕಿಂತ ಗಟ್ಟಿಯಾಗಿ ಇರತ್ತೆ, ಮರದ ನಾರು ಎಲ್ಲಿ ಹೇಗೆ ಓಡತ್ತೆ ಅಂತ ಗೊತ್ತಿದ್ದವನು ಬರೆದಿದ್ದು ಅಂತ ತಿಳಿಯತ್ತೆ.

ಸ್ಕಾಲರ್‌ಶಿಪ್ ಸಿಕ್ಕಿ ಗೋಥೆನ್‌ಬರ್ಗ್‌ನಲ್ಲೇ ಕಲೆ ಓದಿದ, ವಾಲಂಡ್ ಅನ್ನೋ ಹೆಸರಾಂತ ಆರ್ಟ್ ಸ್ಕೂಲ್‌ನಲ್ಲೂ ಇದ್ದ. ಆಮೇಲೆ ಇನ್ನೂ ಇಪ್ಪತ್ತೊಂದರ ಆಸುಪಾಸಿನಲ್ಲಿ ಇರುವಾಗಲೇ ಒಂದು ದೊಡ್ಡ ಕೆಲಸ ಬಂತು. ಸ್ವೀಡನ್‌ನಲ್ಲಿ 1907ರಿಂದ ವರ್ಷಕ್ಕೊಂದು ಬರ್ತಿದ್ದ ಮಕ್ಕಳ ಕಥೆ ಸಂಕಲನ ಇತ್ತು, ಬ್ಲಾಂಡ್ ಟೊಮ್ಟಾರ್ ಓಕ್ ಟ್ರೋಲ್ ಅಂತ. ಟೊಮ್ಟೆ ಅಂದ್ರೆ ಮನೆ, ಕೊಟ್ಟಿಗೆ ಕಾಯೋ ಗಡ್ಡದ ಕುಳ್ಳ, ಟ್ರೋಲ್ ಅಂದ್ರೆ ಕಾಡು-ಬೆಟ್ಟದಲ್ಲಿರೋ ದಡ್ಡ ರಾಕ್ಷಸ ಅಂದ್ಕೊಳ್ಳಿ. ಈ ಸಂಕಲನಕ್ಕೆ ಚಿತ್ರ ಬರೆದು ಇಡೀ ದೇಶಕ್ಕೆ ಹೆಸರಾದವನು ಜಾನ್ ಬೌವರ್. ಪಾಚಿ ಕಟ್ಟಿದ ಬಂಡೆ ಥರದ ಟ್ರೋಲ್, ಅದರ ಪಕ್ಕ ಮಿಣುಕು ದೀಪದ ಹಾಗೆ ಬೆಳ್ಳಗಿನ ಪುಟ್ಟ ರಾಜಕುಮಾರಿ, ಆ ಚಿತ್ರಗಳು ಎಲ್ಲಾದ್ರೂ ನಿಮ್ಮ ಕಣ್ಣಿಗೆ ಬಿದ್ದೇ ಇರತ್ತೆ. ಬೌವರ್ ಆ ಕೆಲಸ ಬಿಟ್ಟ ಮೇಲೆ 1917ರ ಸುಮಾರಿಗೆ ಅದು ಟೆಂಗ್ರೆನ್ ಕೈಗೆ ಬಂತು.

ಬೌವರ್ ಕಥೆ ಒಂದೆರಡು ಮಾತಲ್ಲಿ ಹೇಳಲೇಬೇಕು. 1918ರಲ್ಲಿ ಸ್ವೀಡನ್‌ನಲ್ಲಿ ಒಂದು ಭಯಂಕರ ರೈಲು ಅಪಘಾತ ಆಗಿತ್ತು, ಆ ಭಯಕ್ಕೆ ರೈಲು ಬೇಡ ಅಂತ ಬೌವರ್, ಹೆಂಡತಿ, ಪುಟ್ಟ ಮಗ ಮೂರೂ ಜನ ಸ್ಟಾಕ್‌ಹೋಮ್ ಕಡೆ ಹೋಗೋಕೆ ವೆಟ್ಟರ್ನ್ ಸರೋವರದ ಸ್ಟೀಮರ್ ಹತ್ತಿದ್ರು. ಹೊಲಿಗೆ ಮೆಷಿನ್ನು, ಕಬ್ಬಿಣದ ಒಲೆ ಅಂತ ಸಾಮಾನು ಡೆಕ್ ಮೇಲೆಲ್ಲ ತುಂಬಿದ್ರು, ಬಿರುಗಾಳಿಗೆ ಅದೆಲ್ಲ ಜಾರಿ ನವೆಂಬರ್ 20ರ ರಾತ್ರಿ ಹಡಗು ಮುಳುಗಿ ಅದರಲ್ಲಿದ್ದ 24 ಜನನೂ ಹೋದ್ರು. ಬೌವರ್‌ಗೆ ಆಗ 36 ವರ್ಷ. ಅಂದ್ರೆ ಟೆಂಗ್ರೆನ್ ಬರೆಯೋಕೆ ಶುರು ಮಾಡಿದ ಜಾಗದಲ್ಲಿ ಮೊದಲೇ ಒಬ್ಬ ದಂತಕಥೆ ಕೂತಿದ್ದ, ಸತ್ತ ಮೇಲೆ ಇನ್ನೂ ದೊಡ್ಡವನಾದ. ಏನು ಬರೆದ್ರೂ "ಬೌವರ್ ಥರ ಇದೆ" ಇಲ್ಲಾ "ಬೌವರ್ ಥರ ಇಲ್ಲ", ಎರಡೇ ಮಾತು. ಇವನ ಶುರುವಿನ ಟ್ರೋಲ್‌ಗಳಲ್ಲಿ ಬೌವರ್ ನೆರಳು ಚೆನ್ನಾಗೇ ಕಾಣತ್ತೆ, ಜೊತೆಗೆ ಇಂಗ್ಲೆಂಡಿನ ಚಿತ್ರಗಾರ ಆರ್ಥರ್ ರ‍್ಯಾಕ್‌ಹ್ಯಾಮ್‌ನ ಗಂಟುಗಂಟು ಬೇರು, ತೆಳು ಇಂಕ್ ಗೆರೆ ಕೂಡ.

1920ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಇವನ ಮೊದಲ ಪ್ರದರ್ಶನ ಆಯ್ತು, ಪೇಪರ್‌ಗಳಲ್ಲಿ ವಿಮರ್ಶೆನೂ ಬಂತು, ಅದೇ ವರ್ಷ ಗಂಟುಮೂಟೆ ಕಟ್ಟಿ ಅಮೆರಿಕಕ್ಕೆ ಹೊರಟುಬಿಟ್ಟ. ಹೆಸರು ಬರೋ ಟೈಮಲ್ಲಿ ಯಾಕೆ ಹೋದ ಅಂತ ಅನ್ನಿಸ್ಬಹುದು, ಆದ್ರೆ ಆ ಕಾಲದ ಸ್ವೀಡನ್ ಈಗಿನ ಶ್ರೀಮಂತ ಸ್ವೀಡನ್ ಅಲ್ಲ ಅನ್ನೋದು ನೆನಪಿಡ್ಬೇಕು, ಹತ್ತೊಂಬತ್ತನೇ ಶತಮಾನದ ಮಧ್ಯದಿಂದ 1930ರ ಒಳಗೆ ಹನ್ನೆರಡು ಲಕ್ಷಕ್ಕೂ ಜಾಸ್ತಿ ಜನ ಅಲ್ಲಿಂದ ಉತ್ತರ ಅಮೆರಿಕಕ್ಕೆ ಹೋದ್ರು, ಇಡೀ ದೇಶದ ಜನಸಂಖ್ಯೆನೇ ಐವತ್ತೈದು ಲಕ್ಷದ ಹತ್ತಿರ ಇದ್ದ ಕಾಲ ಅದು. ಅದರಲ್ಲಿ ಬಹುಪಾಲು ಜನ ಹಡಗು ಹತ್ತಿದ್ದು ಇವನ ಊರು ಗೋಥೆನ್‌ಬರ್ಗ್‌ನಿಂದಲೇ, ಚಿಕ್ಕಂದಿನಿಂದ ಬಂದರಿನಲ್ಲಿ ಹೋಗೋರನ್ನ ನೋಡಿಕೊಂಡೇ ಬೆಳೆದವನು. ಮತ್ತೆ ವಾಪಸ್ ಸ್ವೀಡನ್‌ಗೆ ಬರಲೇ ಇಲ್ಲ. ಚಿತ್ರಗಳು ಮಾತ್ರ ಬಂದ್ವು. ಟ್ರೋಲ್ ಸಂಕಲನಕ್ಕೆ 1926ರವರೆಗೂ ಅಲ್ಲಿಂದಲೇ ಬರೆದು ಕಳಿಸ್ತಿದ್ದ.

ಮೊದಲು ಇಳಿದಿದ್ದು ಒಹಾಯೋದ ಕ್ಲೀವ್‌ಲ್ಯಾಂಡ್. ಅಲ್ಲಿ ನ್ಯೂಸ್‌ಪೇಪರ್‌ಗೆ ಚಿತ್ರ, ಅಂಗಡಿಗಳಿಗೆ ಜಾಹೀರಾತು, ಸಿಕ್ಕಿದ್ದೆಲ್ಲ ಮಾಡಿದ. 1922ರಲ್ಲಿ ನ್ಯೂಯಾರ್ಕ್. ಇಲ್ಲಿಂದ ನೋಡಿ ಅವನ ಮೊದಲ ಒಳ್ಳೇ ಕಾಲ. 1923 ಒಂದೇ ವರ್ಷದಲ್ಲಿ ಹೈಡಿ, ಅಮೆರಿಕದ ಲೇಖಕ ಹಾಥಾರ್ನ್‌ನ ಗ್ರೀಕ್ ಪುರಾಣ ಕಥೆಗಳು, ಫ್ರೆಂಚ್ ಲೇಖಕಿ ಮದಾಮ್ ದೋಲ್ನುವಾ ಕಥೆಗಳು, ಮುಂದಿನ ವರ್ಷ ದಿ ರೆಡ್ ಫೇರಿ ಬುಕ್. ನೀವು ನೆಟ್‌ನಲ್ಲಿ ನೋಡಿದ ಕತ್ತಲೆ ಕಾಡು, ರಾಜಕುಮಾರಿ ಹೆಚ್ಚಿನವು ಈ ಕಾಲದ್ದೇ ಇರ್ಬೇಕು.

ಈಗ ಸ್ಟೈಲ್ ವಿಷಯಕ್ಕೆ ಬರೋಣ. ಆ ಪುಸ್ತಕಗಳನ್ನ ಗಿಫ್ಟ್ ಬುಕ್ ಅಂತಿದ್ರು, ಕ್ರಿಸ್‌ಮಸ್‌ಗೆ ಉಡುಗೊರೆ ಕೊಡೋಕೆ ಅಂತ ಮಾಡೋ ದಪ್ಪ, ದುಬಾರಿ ಪುಸ್ತಕ. ಕಥೆ ಒರಟು ಕಾಗದದ ಮೇಲೆ, ಬಣ್ಣದ ಚಿತ್ರಗಳು ಮಾತ್ರ ಬೇರೆ ನುಣುಪು ಕಾಗದದ ಮೇಲೆ ಅಚ್ಚಾಗಿ ಆಮೇಲೆ ಪುಸ್ತಕದ ಒಳಗೆ ಸೇರಿಸ್ತಿದ್ರು. ನುಣುಪು ಕಾಗದ ಇದ್ರೆ ಮಾತ್ರ ಆ ಕಂದು, ಹಸಿರು, ಬೂದಿ ಬಣ್ಣದ ಸೂಕ್ಷ್ಮ ಛಾಯೆ, ಕೂದಲಿನಷ್ಟು ತೆಳು ಗೆರೆ ಎಲ್ಲ ಉಳಿಯತ್ತೆ. ಒಂದು ಪುಸ್ತಕದಲ್ಲಿ ಬಣ್ಣದ ಚಿತ್ರ ಇರೋದೇ ಕೆಲವು, ಹಾಗಾಗಿ ಒಂದೊಂದಕ್ಕೂ ತಿಂಗಳ ಕೆಲಸ ತುಂಬಬಹುದು. ಅಂದ್ರೆ ಆ ಕತ್ತಲೆ ಕಾಡು ಅವನ ಮನಸ್ಸಿಂದ ಎಷ್ಟು ಬಂತೋ ಆ ಕಾಗದದಿಂದಲೂ ಅಷ್ಟೇ ಬಂತು. 1929ರಲ್ಲಿ ಷೇರು ಮಾರ್ಕೆಟ್ ಬಿದ್ದು ಡಿಪ್ರೆಶನ್ ಅನ್ನೋ ದೊಡ್ಡ ಆರ್ಥಿಕ ಕುಸಿತ ಶುರು ಆದ ಮೇಲೆ ಅಂಥ ಪುಸ್ತಕ ಯಾರು ತಗೋತಾರೆ? ಆ ಮಾರ್ಕೆಟ್ಟೇ ಕುಸಿಯಿತು. ಜಾಹೀರಾತು, ಮ್ಯಾಗಜೀನ್ ಅಂತ ತಳ್ಳಿದ.

1936ರಲ್ಲಿ ಡಿಸ್ನಿ ಕರೀತು. ವಾಲ್ಟ್ ಡಿಸ್ನಿಗೆ ಆಗ ಸ್ನೋ ವೈಟ್ ಹುಚ್ಚು, ಆ ಕಥೆಗೆ ಯುರೋಪಿನ ಹಳೇ ಕಥೆಪುಸ್ತಕದ ನೋಟ ಬೇಕಿತ್ತು, ಹಾಲಿವುಡ್ ಕಾರ್ಟೂನ್‌ನವರಿಗೆ ಮಿಕ್ಕಿ ಮೌಸ್ ಬರೆದು ಅಭ್ಯಾಸ, ಜರ್ಮನಿಯ ಕಾಡು ಹೇಗಿರತ್ತೆ ಅಂತ ಬರೆಯೋಕೆ ಬರಬೇಕಲ್ಲ. ಹಾಗಾಗಿ ಯುರೋಪಿಂದ ಬಂದಿದ್ದ ಕಲಾವಿದರನ್ನ ಸೇರಿಸಿಕೊಂಡ್ರು. ಸ್ವಿಟ್ಜರ್ಲೆಂಡ್‌ನಿಂದ ಬಂದ ಆಲ್ಬರ್ಟ್ ಹರ್ಟರ್, ಹಂಗೇರಿಯ ಫರ್ಡಿನಂಡ್ ಹೋರ್ವಾತ್, ಆಮೇಲೆ ಡೆನ್ಮಾರ್ಕ್‌ನ ಕೈ ನೀಲ್ಸನ್, ಅವರ ಸಾಲಿನಲ್ಲಿ ಟೆಂಗ್ರೆನ್. ಅವನು ಅನಿಮೇಟರ್ ಅಲ್ಲ, ಚಿತ್ರ ಓಡಿಸೋ ಕೆಲಸ ಅವನದಲ್ಲ. ಸಿನಿಮಾ ಹೇಗೆ ಕಾಣ್ಬೇಕು, ಬೆಳಕು ಎಲ್ಲಿಂದ ಬರ್ಬೇಕು, ಮನೆಯೊಳಗೆ ಏನೇನಿರ್ಬೇಕು ಅಂತ ದೊಡ್ಡ ವಾಟರ್‌ಕಲರ್ ಚಿತ್ರ ಬರೆದು ಕೊಡೋದು, ಅದನ್ನ ಮುಂದೆ ಇಟ್ಕೊಂಡು ಉಳಿದವರು ಕೆಲಸ ಮಾಡೋದು. ಸ್ನೋ ವೈಟ್ ಕಾಡಿನಲ್ಲಿ ಓಡುವಾಗ ಮರದ ಕೊಂಬೆಗಳು ಉಗುರಿನ ಹಾಗೆ ಚಾಚಿ ಬಟ್ಟೆ ಹಿಡ್ಕೊಳ್ಳತ್ತಲ್ಲ, ಆ ಸೀನ್ ಒಮ್ಮೆ ಹಾಕಿ ನೋಡಿ, ಪಕ್ಕದಲ್ಲೇ ಅವನ 1920ರ ದಶಕದ ಯಾವುದಾದ್ರೂ ಕಾಡಿನ ಚಿತ್ರ ಇಟ್ಕೊಳ್ಳಿ. ಸಂಬಂಧ ಕಾಣ್ತಿಲ್ಲ ಅಂದ್ರಲ್ಲ, ಅಲ್ಲಿ ಕಾಣತ್ತೆ. 1937ರ ಡಿಸೆಂಬರ್ 21ಕ್ಕೆ ಸ್ನೋ ವೈಟ್ ಮೊದಲ ಪ್ರದರ್ಶನ ಆಯ್ತು, ಕ್ರೆಡಿಟ್ಸ್‌ನಲ್ಲಿ ಆರ್ಟ್ ಡೈರೆಕ್ಟರ್‌ಗಳ ಉದ್ದ ಪಟ್ಟಿಯಲ್ಲಿ ಇವನ ಹೆಸರೂ ಇದೆ. ಅದೇ ವರ್ಷ ಬಂದ ದಿ ಓಲ್ಡ್ ಮಿಲ್ ಅನ್ನೋ ಚಿಕ್ಕ ಚಿತ್ರಕ್ಕೂ ಇವನು ಕೆಲಸ ಮಾಡಿದ್ದ, ಬಿರುಗಾಳಿ ರಾತ್ರಿ, ಹಳೇ ಗಾಳಿಗಿರಣಿ, ಅಷ್ಟೇ ಕಥೆ, ಆಸ್ಕರ್ ಬಂತು.

ಆದ್ರೆ ನನ್ನ ಲೆಕ್ಕದಲ್ಲಿ ಅವನ ಜೀವಮಾನದ ಕೆಲಸ ಅಂದ್ರೆ ಪಿನೋಕಿಯೋ, ಜೀವ ಬಂದ ಮರದ ಗೊಂಬೆಯ ಕಥೆ ಇರೋ ಡಿಸ್ನಿ ಸಿನಿಮಾ. ಆ ಗೊಂಬೆ ಕೆತ್ತಿದ ಮುದುಕ ಗೆಪೆಟ್ಟೋನ ಕೆಲಸದ ಕೋಣೆ, ವಕ್ರವಕ್ರ ಮೆಟ್ಟಿಲು, ಒಂದರ ಮೇಲೊಂದು ಬಾಗಿದ ಮನೆಗಳು, ಕಲ್ಲು ಹಾಸಿದ ಬೀದಿ, ಆ ಊರಿನ ನೋಟಕ್ಕೆ ಆಧಾರ ಇವನ ಚಿತ್ರಗಳೇ. ಜರ್ಮನಿಯ ರೋಥೆನ್‌ಬರ್ಗ್ ಅನ್ನೋ ಹಳೇ ಕೋಟೆ ಊರಿನ ಛಾಯೆ ಅದರಲ್ಲಿದೆ ಅಂತ ಬಲ್ಲವರು ಹೇಳ್ತಾರೆ. ಮೂಲ ಕಥೆ ಇಟಲಿಯದ್ದು ಅಲ್ವಾ, ಡಿಸ್ನಿ ಸಿನಿಮಾದಲ್ಲಿ ಇಟಲಿ ಎಲ್ಲಿದೆ? ಮರದ ಮನೆ, ಚಳಿನಾಡಿನ ಕಿಟಕಿ, ಮರದ ಗೊಂಬೆ, ಗಡಿಯಾರ, ಪೂರ್ತಿ ಉತ್ತರ ಯುರೋಪು. ಅದನ್ನ ನೋಡಿದಾಗ ನಂಗೆ ಮಾಗ್ರಾದ ತಾತನ ಕೆಲಸದ ಜಾಗ ನೆನಪಾಗತ್ತೆ, ಇದು ನನ್ನ ಅನಿಸಿಕೆ ಅಷ್ಟೇ, ಅವನೇ ಹೇಳಿದ್ದು ಅಂತ ತಗೋಬೇಡಿ.

ಆ ಸಿನಿಮಾ 1940ರ ಫೆಬ್ರವರಿಯಲ್ಲಿ ಬಂತು, ಟೆಂಗ್ರೆನ್ ಹೆಸರು ಎಲ್ಲೂ ಇಲ್ಲ. 1939ರ ಶುರುವಿನಲ್ಲೇ ಅವನು ಸ್ಟುಡಿಯೋ ಬಿಟ್ಟಿದ್ದ. ಇಷ್ಟು ದೊಡ್ಡ ಕೆಲಸ ಮಾಡಿ ಹೆಸರೇ ಇಲ್ಲ ಅಂದ್ರೆ ಯಾರಿಗಾದ್ರೂ ಹೊಟ್ಟೆ ಉರಿಯತ್ತೆ. ಮುಂದೆ ಏನ್ ಮಾಡಿದ ನೋಡಿ: 1940ರಲ್ಲೇ ಬಂದ ಮಕ್ಕಳ ಪದ್ಯದ ಪುಸ್ತಕದ ಹೆಸರು ದಿ ಟೆಂಗ್ರೆನ್ ಮದರ್ ಗೂಸ್. 1942ರಲ್ಲಿ ದಿ ಟೆಂಗ್ರೆನ್ ಟೆಲ್-ಇಟ್-ಅಗೇನ್ ಬುಕ್. ಆಮೇಲೆ ಟೆಂಗ್ರೆನ್ಸ್ ಕೌಬಾಯ್ಸ್ ಅಂಡ್ ಇಂಡಿಯನ್ಸ್, ಟೆಂಗ್ರೆನ್ಸ್ ಪೈರೇಟ್ಸ್, ಷಿಪ್ಸ್ ಅಂಡ್ ಸೇಲರ್ಸ್. ಕಥೆ ಬರೆದವರ ಹೆಸರಲ್ಲ, ಚಿತ್ರ ಬರೆದವನ ಹೆಸರೇ ಪುಸ್ತಕದ ಶೀರ್ಷಿಕೆ. ಪಬ್ಲಿಷರ್‌ಗೆ ಅದು ವ್ಯಾಪಾರ ಇರ್ಬಹುದು, ಆದ್ರೂ ಪಿನೋಕಿಯೋ ಆದ ಮೇಲೆ ಇದು ಬಂತು ಅನ್ನೋದು ನಂಗೆ ಸುಮ್ನೆ ಕಾಕತಾಳೀಯ ಅನ್ನಿಸಲ್ಲ.

ಈಗ ನಿಮ್ಮ ನಾಯಿಮರಿ. 1942ರಲ್ಲಿ ಸೈಮನ್ ಅಂಡ್ ಶುಸ್ಟರ್ ಅನ್ನೋ ಪ್ರಕಾಶಕರು, ವೆಸ್ಟರ್ನ್ ಪ್ರಿಂಟಿಂಗ್ ಅನ್ನೋ ಮುದ್ರಣ ಕಂಪನಿ ಸೇರಿ ಲಿಟಲ್ ಗೋಲ್ಡನ್ ಬುಕ್ಸ್ ಅಂತ ಅಗ್ಗದ ಮಕ್ಕಳ ಪುಸ್ತಕಗಳ ಸರಣಿ ಶುರು ಮಾಡಿದ್ರು. ಆಗ ಮಕ್ಕಳ ಒಳ್ಳೇ ಪುಸ್ತಕಕ್ಕೆ ಎರಡು ಮೂರು ಡಾಲರ್. ಇವರು ಮೊದ್ಲು 50 ಸೆಂಟ್ ಅಂತ ಯೋಚನೆ ಮಾಡಿದ್ರು, ಆಮೇಲೆ ಒಂದೊಂದು ಟೈಟಲ್‌ನ 25,000 ಬದಲು 50,000 ಪ್ರತಿ ಹಾಕಿದ್ರೆ 25 ಸೆಂಟ್‌ಗೇ ಕೊಡಬಹುದು ಅಂತ ಲೆಕ್ಕ ಬಿತ್ತು. ಮೊದಲ ಕಂತಿನಲ್ಲಿ 12 ಪುಸ್ತಕ, ಒಂದೊಂದೂ 42 ಪುಟ, ಅದರಲ್ಲಿ 14 ಪುಟ ಮಾತ್ರ ಪೂರ್ತಿ ನಾಲ್ಕು ಬಣ್ಣ, ಉಳಿದ 28 ಪುಟ ಎರಡೇ ಬಣ್ಣ. ಐದು ತಿಂಗಳಲ್ಲಿ ಎಲ್ಲ ಸೇರಿ ಹದಿನೈದು ಲಕ್ಷ ಪ್ರತಿ ಹೋಯ್ತು. ಆ ಹನ್ನೆರಡರಲ್ಲಿ ಒಂದು ಜೆನೆಟ್ ಸೆಬ್ರಿಂಗ್ ಲೌರಿ ಬರೆದ ಪೋಕಿ ಲಿಟಲ್ ಪಪ್ಪಿ, ಇನ್ನೊಂದು ಬೆಡ್‌ಟೈಮ್ ಸ್ಟೋರೀಸ್, ಎರಡಕ್ಕೂ ಚಿತ್ರ ಟೆಂಗ್ರೆನ್‌ದೇ.

ಇಲ್ಲೊಂದು ತಮಾಷೆ ನೋಡಿ, ಇದಕ್ಕಿಂತ ಅಮೆರಿಕನ್ ಪುಸ್ತಕ ಇನ್ನೊಂದಿಲ್ಲ ಅಂತ ಜನ ಅಂದ್ಕೊಂಡಿರೋ ಗೋಲ್ಡನ್ ಬುಕ್ಸ್ ಹಿಂದೆ ಇದ್ದವರಲ್ಲಿ ಎಷ್ಟು ಜನ ಹೊರಗಿನವರು ಅಂತ. ಈ ಸರಣಿ ಹುಟ್ಟುಹಾಕಿದವರಲ್ಲಿ ಒಬ್ಬನಾದ ಜಾರ್ಜ್ ಡುಪ್ಲೇ ಫ್ರಾನ್ಸ್‌ನವನು, ಚಿತ್ರಗಾರರಲ್ಲಿ ಫಿಯೋಡರ್ ರೊಜಾಂಕೋವ್ಸ್ಕಿ ರಷ್ಯಾದವನು, ಟಿಬರ್ ಗೆರ್ಗೆಲಿ ಹಂಗೇರಿಯವನು, ಟೆಂಗ್ರೆನ್ ಸ್ವೀಡನ್‌ನವನು.

ಸರಿ, ಸ್ಟೈಲ್ ಯಾಕೆ ಬದಲಾಯ್ತು ಅಂದ್ರಲ್ಲ. 25 ಸೆಂಟಿನ ಪುಸ್ತಕದಲ್ಲಿ ನುಣುಪು ಕಾಗದ ಇಲ್ಲ. ಅಕ್ಷರ, ಚಿತ್ರ ಎರಡೂ ಒಂದೇ ಕಾಗದದ ಮೇಲೆ. ತೆಳು ಗೆರೆ ಬರೆದ್ರೆ ಹೋಗತ್ತೆ, ಕಂದು ಮೇಲೆ ಕಂದು ಹಾಕಿದ್ರೆ ಕೆಸರಾಗತ್ತೆ. ಓದೋರು ಕೂಡ ಬೇರೆ, ಎರಡು ಮೂರು ವರ್ಷದ ಮಗು, ತೊಡೆ ಮೇಲೆ ಕೂತು ನೋಡೋದು, ಅದೇ ಪುಟ ನೂರು ಸಲ ತಿರುಗಿಸೋದು. ಹಾಗಾಗಿ ಹಿನ್ನೆಲೆ ಬೆಳ್ಳಗೆ ಬಿಟ್ಟ, ಆಕಾರ ದೊಡ್ಡದು ಮಾಡಿದ, ಬಣ್ಣ ಕಮ್ಮಿ ಮಾಡಿದ. ಕಮ್ಮಿ ಬರೆಯೋದು ಸುಲಭ ಅಂತ ಯಾರಾದ್ರೂ ಹೇಳಿದ್ರೆ ಐದು ನಾಯಿಮರಿಗಳನ್ನ ಒಂದೇ ಪುಟದಲ್ಲಿ ಬರೆದು ಅದರಲ್ಲಿ ನಿಧಾನದ ಮರಿ ಯಾವುದು ಅಂತ ಮಗುಗೆ ಗೊತ್ತಾಗೋ ಹಾಗೆ ಮಾಡಿ ಅಂತ ಹೇಳಿ. ಬೇಲಿ ಕೆಳಗೆ ತೂತು ತೋಡಿ ಮರಿಗಳು ಓಡೋದು, ಗುಡ್ಡ ಇಳಿಯೋದು, ಮನೆಯಲ್ಲಿ ಅನ್ನದ ಪಾಯಸದ ಥರದ ಪುಡಿಂಗ್ ವಾಸನೆಗೆ ವಾಪಸ್ ದೌಡಾಯಿಸೋದು, ನಿಧಾನದವನು ಕೊನೆಗೆ ಬಂದು ಮಿಕ್ಕಿದ್ದೆಲ್ಲ ಒಬ್ಬನೇ ತಿನ್ನೋದು, ಕೊನೆ ದಿನ ಮಾತ್ರ ಸ್ಟ್ರಾಬೆರಿ ಶಾರ್ಟ್‌ಕೇಕ್ ತಪ್ಪೋದು, ಕಥೆ ಇಷ್ಟೇ. ಮರಿಗಳ ಮೈ ನೋಡಿ, ಹೊಟ್ಟೆಯ ಭಾರ ಎಲ್ಲಿ ಜೋತಿದೆ, ಮೂಗು ನೆಲಕ್ಕೆ ಹಚ್ಚಿದಾಗ ಹಿಂಭಾಗ ಹೇಗೆ ಮೇಲೇಳತ್ತೆ. 1923ರ ಟೆಂಗ್ರೆನ್‌ಗೆ ಇದು ಬರ್ತಿರಲಿಲ್ಲ, ಆಗ ಅವನ ಪ್ರಾಣಿಗಳು ಚೆಂದ, ಆದ್ರೆ ನಿಂತಲ್ಲೇ ನಿಂತಿರ್ತವೆ. ಇದು ಡಿಸ್ನಿಯಲ್ಲಿ ಅನಿಮೇಟರ್‌ಗಳ ಪಕ್ಕ ಕೂತು ಬಂದ ಕೈ.

2001ರಲ್ಲಿ ಪಬ್ಲಿಷರ್ಸ್ ವೀಕ್ಲಿ ಪತ್ರಿಕೆ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟ ಆದ ಗಟ್ಟಿ ರಟ್ಟಿನ ಮಕ್ಕಳ ಪುಸ್ತಕಗಳ ಪಟ್ಟಿ ಮಾಡಿತ್ತು, ಅದರಲ್ಲಿ ಮೊದಲನೇದು ಇದೇ ಪುಸ್ತಕ, ಹತ್ತಿರ ಹತ್ತಿರ ಒಂದೂವರೆ ಕೋಟಿ ಪ್ರತಿ. ಇಷ್ಟು ಮನೆಯಲ್ಲಿ ಚಿತ್ರ ಇದ್ದೂ ಹೆಸರು ಗೊತ್ತಿಲ್ಲದ ಕಲಾವಿದ ಇನ್ನೊಬ್ಬ ಸಿಗೋದು ಕಷ್ಟ.

ಆಮೇಲೆ ದಿ ಷೈ ಲಿಟಲ್ ಕಿಟನ್ 1946, ದಿ ಸ್ಯಾಗಿ ಬ್ಯಾಗಿ ಎಲಿಫೆಂಟ್ 1947, ಟಾನಿ ಸ್ಕ್ರಾನಿ ಲಯನ್ 1952. ಚರ್ಮ ಜೋತುಬಿದ್ದ ಆನೆಮರಿ ನಂಗೆ ನಾಯಿಮರಿಗಿಂತ ಇಷ್ಟ. 1948ರಲ್ಲಿ ಲಿಟಲ್ ಬ್ಲ್ಯಾಕ್ ಸ್ಯಾಂಬೋಗೂ ಚಿತ್ರ ಬರೆದ, ಅದು ನಮ್ಮ ದೇಶದಲ್ಲಿ ಇದ್ದ ಸ್ಕಾಟ್ಲೆಂಡಿನ ಹೆಂಗಸು ಹೆಲೆನ್ ಬ್ಯಾನರ್‌ಮನ್ 1899ರಲ್ಲಿ ತಂದ ಕಥೆ, ಹುಲಿಗಳು ಮರದ ಸುತ್ತ ಓಡಿ ಓಡಿ ಕರಗಿ ತುಪ್ಪ ಆಗೋದು. ಅಮೆರಿಕದಲ್ಲಿ ಆ ಹೆಸರು, ಆ ಕಥೆಗೆ ಬರೆದ ಚಿತ್ರಗಳು ಕಪ್ಪು ಜನರನ್ನ ಅವಮಾನ ಮಾಡೋ ಥರ ಬಳಕೆ ಆಗಿ ದೊಡ್ಡ ವಿವಾದ ಆಯ್ತು, ಹಾಗಾಗಿ ಅದನ್ನ ಮಗಳಿಗೆ ಅಂತ ಹುಡುಕಬೇಡಿ, ಇತಿಹಾಸಕ್ಕೆ ಬೇಕಾದ್ರೆ ನೀವು ನೋಡಿ.

1940ರ ದಶಕದಲ್ಲಿ ಹೆಂಡತಿ ಮಾಲಿನ್ ಜೊತೆ, ಆಕೆನೂ ಸ್ವೀಡನ್‌ನಿಂದ ಬಂದವಳೇ, ಮೇನ್ ರಾಜ್ಯದ ಸೌತ್‌ಪೋರ್ಟ್ ಅನ್ನೋ ಕಡೆ ಸಮುದ್ರದ ದಂಡೆಗೆ ಹೋಗಿ ನೆಲೆಸಿದ. ಬಂಡೆ, ಫರ್ ಜಾತಿ ಮರ, ತಣ್ಣನೆ ನೀರು, ಸ್ವೀಡನ್ ಪಶ್ಚಿಮ ಕರಾವಳಿನೇ ಅನ್ನೋ ಹಾಗಿರೋ ಜಾಗ. ಅಲ್ಲಿಂದ 1957ರಲ್ಲಿ ಅರೇಬಿಯನ್ ನೈಟ್ಸ್ ಕಥೆಗಳು, 1961ರಲ್ಲಿ ಕ್ಯಾಂಟರ್‌ಬರಿ ಟೇಲ್ಸ್, 1962ರಲ್ಲಿ ಕಿಂಗ್ ಆರ್ಥರ್. ಇವುಗಳಲ್ಲಿ ಸ್ಟೈಲ್ ಮತ್ತೆ ಬೇರೆ, ಚಪ್ಪಟೆ ಆಕಾರ, ಚೂಪು ಕೋನ, ಹಳೇ ಹಸ್ತಪ್ರತಿ ಚಿತ್ರಗಳ ಥರ. ಕೆಲವರಿಗೆ ಇದು ಒಣ ಅನ್ನಿಸತ್ತೆ, ನಂಗೂ ಕಿಂಗ್ ಆರ್ಥರ್‌ನಲ್ಲಿ ಕುದುರೆಗಳು ಬಿಟ್ರೆ ಮನುಷ್ಯರು ಅಷ್ಟೇನೂ ಹಿಡಿಸಲಿಲ್ಲ. 1970ರ ಏಪ್ರಿಲ್‌ನಲ್ಲಿ ತೀರಿಕೊಂಡ, 73 ವರ್ಷ. ಅವನ ಚಿತ್ರ, ಕಾಗದಪತ್ರಗಳ ದೊಡ್ಡ ಭಾಗ ಈಗ ಮಿನೆಸೋಟ ವಿಶ್ವವಿದ್ಯಾಲಯದ ಕರ್ಲನ್ ಸಂಗ್ರಹದಲ್ಲಿದೆ.

ಕೊನೇದಾಗಿ ಬೆಲೆ. ಅಷ್ಟು ಕೋಟಿ ಅಚ್ಚಾದ ಪುಸ್ತಕ ಅಲ್ವಾ, ಹಳೇದು ಅಂದ ಮಾತ್ರಕ್ಕೆ ದುಡ್ಡು ಬರಲ್ಲ. ಮೊದಲ ವರ್ಷಗಳ ಪ್ರತಿಗೆ ಬೆನ್ನು ನೀಲಿ ಇರತ್ತೆ, ಮೇಲೆ ಬಿಡಿ ಹೊದಿಕೆ ಇರತ್ತೆ, 42 ಪುಟ. ನಿಮ್ಮದಕ್ಕೆ ಬೆನ್ನು ಬಂಗಾರದ ಬಣ್ಣ ಇದ್ರೆ ಅದು ಆಮೇಲಿನದು. ಹಾಗಿದ್ರೆ ಕೊನೆ ಪುಟದ ಕೆಳಗೆ ಬಲಮೂಲೆಯಲ್ಲಿ, ಬೈಂಡಿಂಗ್ ಹತ್ರ ಒಂದು ಇಂಗ್ಲಿಷ್ ಅಕ್ಷರ ಚಿಕ್ಕದಾಗಿ ಇದ್ಯಾ ನೋಡಿ, ಎ ಅಂದ್ರೆ ಮೊದಲ ಮುದ್ರಣ, ಬಿ ಎರಡನೇದು, ಹಾಗೆ. ರ‍್ಯಾಂಡಮ್ ಹೌಸ್ ಅನ್ನೋ ಪ್ರಕಾಶಕರ ಹೆಸರಿದ್ರೆ 2001 ಆದ ಮೇಲಿನದು, ಹೊಸ ಪ್ರತಿ ಬೆಲೆಗಿಂತ ಜಾಸ್ತಿ ಕೊಟ್ಟಿದ್ರೆ ಅಂಗಡಿಯವರು ನಿಮಗೆ ಟೋಪಿ ಹಾಕಿದ್ದಾರೆ ಅಂತ ಅರ್ಥ. 1923-24ರ ದೊಡ್ಡ ಪುಸ್ತಕಗಳಿಗೆ ಮಾತ್ರ ಬಣ್ಣದ ಪುಟ ಎಲ್ಲ ಇದ್ರೆ ಒಳ್ಳೇ ಬೆಲೆ ಇದೆ, ಅದನ್ನ ಇಲ್ಲಿ ಯಾರಾದ್ರೂ ರದ್ದಿ ಬೆಲೆಗೆ ಮಾರ್ತಿದ್ರೆ ಯೋಚನೆ ಮಾಡದೆ ತಗೊಳ್ಳಿ. ತಗೊಳ್ಳೋ ಮುಂಚೆ ಪುಸ್ತಕದ ಮುಂಭಾಗದಲ್ಲಿರೋ ಚಿತ್ರಪಟ್ಟಿ ಇಟ್ಕೊಂಡು ಒಂದೊಂದೇ ಬಣ್ಣದ ಪುಟ ಎಣಿಸಿ, ಚಿತ್ರ ಕತ್ತರಿಸಿ ಫ್ರೇಮ್ ಹಾಕಿಸ್ಕೊಂಡಿರೋರು ತುಂಬಾ ಜನ ಇದ್ದಾರೆ.